ಐದು ವರ್ಷದ ಅನುಭವ

ಹತ್ತು ಸಂದರ್ಶನಗಳಲ್ಲಿ ಹತ್ತೂ ಕಡೆ ಕೇಳಿದ್ದು ಒಂದೇ ಮಾತು: "ಅನುಭವ ಇದೆಯಾ?" ಕೆಲಸವನ್ನೇ ಕೊಡದಿದ್ದರೆ ಅನುಭವ ಎಲ್ಲಿಂದ ಬರಬೇಕು, ಆಕಾಶದಿಂದ ಉದುರುತ್ತದೆಯೇ? ನೆನೆಸಿಕೊಂಡರೆ ಮೂವತ್ತೈದು ದಾಟಿದ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು. ಸಾಲದ್ದಕ್ಕೆ ಭಾವ ಕಡ್ಡಿ ಮುರಿದಂತೆ ಹೇಳಿಬಿಟ್ಟಿದ್ದರು: "ಈ ಸಲಾನೂ ಆಗ್ಲಿಲ್ಲ ಅಂದ್ರೆ ಸೋಮವಾರದಿಂದ ನನ್ನ ಕೋಳಿ ಅಂಗಡಿಗೆ ಬಾ." ಅವನಿಗೆ ಕೋಳಿ ಕಂಡರೆ ಭಯ. ಸತ್ತ ಕೋಳಿ ಕಂಡರೂ ಭಯ.

ಹೀಗಾಗಿ ಹನ್ನೊಂದನೆಯ ಸಂದರ್ಶನಕ್ಕೆ ಅನುಭವವನ್ನು ತಾನೇ ತಯಾರಿಸಿಕೊಳ್ಳಲು ನಿರ್ಧರಿಸಿದ. ಕೆಲಸ ಗೋದಾಮಿನ ಉಸ್ತುವಾರಿಯದು. ಸುಳ್ಳು ಅನುಭವ ಪತ್ರ ತಂದವರು ಸಿಕ್ಕಿಬೀಳುವುದು ಯಾರೋ ಫೋನ್ ಮಾಡಿ ವಿಚಾರಿಸುವುದರಿಂದ. ಫೋನ್ ಎತ್ತಲು ಯಾರೂ ಇಲ್ಲದ ಕಡೆ ದುಡಿದಿದ್ದರೆ? ಬಸ್ ನಿಲ್ದಾಣದ ಹಿಂದಿನ ಬೂಟಿನ ಕಾರ್ಖಾನೆಗೆ ಬೀಗ ಬಿದ್ದು ಎಂಟು ವರ್ಷವಾಗಿತ್ತು. ತುಕ್ಕು ಹಿಡಿದ ಫಲಕದಿಂದ ಅದರ ಹೆಸರನ್ನೂ ಗುರುತನ್ನೂ ನಕಲು ಮಾಡಿಕೊಂಡ. ಆಲೂಗಡ್ಡೆ ಕೊರೆದು ಮೊಹರು ಮಾಡಿದ. ಕಾಗದವನ್ನು ಚಹಾದಲ್ಲಿ ಅದ್ದಿ, ಒಣಗಿಸಿ, ಹಳತು ಮಾಡಿದ. ಐದು ವರ್ಷ, ಕಾರ್ಖಾನೆ ಮುಚ್ಚಿದ ದಿನದವರೆಗೂ, ಅಲ್ಲಿನ ಗೋದಾಮನ್ನು ಇವನೊಬ್ಬನೇ ನೋಡಿಕೊಂಡಿದ್ದ ಎಂದು ಬರೆದು, 'ಒಬ್ಬನೇ' ಎಂಬುದರ ಕೆಳಗೆ ಗೆರೆ ಎಳೆದ. ತನ್ನ ಬುದ್ಧಿಗೆ ತಾನೇ ಬೆರಗಾದ.

ಉಳಿದದ್ದು ನಡವಳಿಕೆ. ಅಕ್ಕ ಹುರುಳಿಕಾಯಿ ಸೋಸುತ್ತಲೇ ಸಂದರ್ಶಕಿಯಾದಳು. ಬಾಗಿಲು ಮೆಲ್ಲಗೆ ತಟ್ಟುವುದು, ಹೇಳುವವರೆಗೆ ಕೂರದಿರುವುದು, ಅರ್ಧದಲ್ಲಿ ಬಾಯಿ ಹಾಕದಿರುವುದು, ಎಲ್ಲವೂ ನಡೆಯಿತು.

"ನಿಮ್ಮಲ್ಲಿರೋ ದೊಡ್ಡ ದೋಷ ಯಾವ್ದು?"

"ಕೆಲಸಕ್ಕೆ ಕೂತ್ರೆ ಊಟ, ನಿದ್ದೆ ಮರೆತುಬಿಡ್ತೀನಿ, ಮೇಡಂ."

"ಹತ್ತು ಗಂಟೆಗೆ ಏಳೋನು ನೀನು!" ಅಕ್ಕ ನಕ್ಕ ರಭಸಕ್ಕೆ ಅರ್ಧ ಹುರುಳಿಕಾಯಿ ನೆಲಕ್ಕೆ ಬಿತ್ತು. "ಹಲ್ಲು ಸ್ವಲ್ಪ ಕಡಿಮೆ ತೋರ್ಸು ಕಣೋ, ಹೆದರ್ಕೋತಾರೆ."

ಸಂದರ್ಶನ ನೀರು ಕುಡಿದಷ್ಟು ಸಲೀಸಾಗಿ ಸಾಗಿತು. ಪತ್ರ ಓದಿದ ಮ್ಯಾನೇಜರ್ ಮೇಡಂ ಹುಬ್ಬೇರಿಸಿದರು. "ಐದು ವರ್ಷ ಒಬ್ರೇನಾ?"

"ಒಬ್ನೇ, ಮೇಡಂ. ಬೀಗದ ಕೈನೂ ಬೇರೆಯವ್ರಿಗೆ ಕೊಡ್ತಿರ್ಲಿಲ್ಲ."

ಅವರು ಪತ್ರವನ್ನು ಪಕ್ಕದಲ್ಲಿದ್ದ ಭದ್ರತಾ ಅಧಿಕಾರಿಗೆ ದಾಟಿಸಿದರು. ಅವರು ವಯಸ್ಸಾದವರು. ಓದಿದರು, ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ಎದ್ದುಹೋಗಿ ಬಾಗಿಲು ಹಾಕಿ ಚಿಲಕ ಜಡಿದರು. ಕೈಕುಲುಕಲು ಬರುತ್ತಿದ್ದಾರೆಂದು ಅವನು ಖುಷಿಯಿಂದ ಎದ್ದು ನಿಂತ.

"ಕೂತ್ಕೊಳ್ಳಿ. ಆ ಕಾರ್ಖಾನೆ ಮುಚ್ಚಿದಾಗ ನಾನು ಇಲ್ಲಿ ಪೊಲೀಸ್ ಇನ್‌ಸ್ಪೆಕ್ಟರ್," ಎಂದರು ಅವರು, ಕಳೆದುಹೋದ ಮಗ ಸಿಕ್ಕಷ್ಟು ಅಕ್ಕರೆಯಿಂದ. ಮೊಹರು, ಗೆರೆ, ಚಹಾ, ಎಲ್ಲವನ್ನೂ ಯೋಚಿಸಿದ್ದವನು ಆ ಕಾರ್ಖಾನೆ ಯಾಕೆ ಮುಚ್ಚಿತೆಂದು ಮಾತ್ರ ಯಾರನ್ನೂ ಕೇಳಿರಲಿಲ್ಲ. "ಅವತ್ತು ಗೋದಾಮಿನ ಉಸ್ತುವಾರಿ ಬಲಗಾಲಿನ ಬೂಟನ್ನೆಲ್ಲ ಲಾರಿಗೆ ತುಂಬ್ಕೊಂಡು ಪರಾರಿಯಾದ. ಎಡಗಾಲಿಂದಕ್ಕೆ ಇನ್ನೊಂದು ಲಾರಿ ಬರೋದ್ರೊಳಗೆ ನಾವು ಅಲ್ಲಿಗೆ ತಲುಪ್ಬಿಟ್ವಿ. ಕೊಟ್ಟಿದ್ದ ಹೆಸರು ಸುಳ್ಳು, ವಿಳಾಸ ಸುಳ್ಳು, ಒಂದು ಫೋಟೋ ಕೂಡ ಇಲ್ಲ. ಎಂಟು ವರ್ಷ ಹುಡುಕಿದ್ದೀನಿ ಸ್ವಾಮಿ ನಿಮ್ಮನ್ನ. ಈಗ ಹೇಳಿ, ಬಲಗಾಲಿಂದೆಲ್ಲ ಎಲ್ಲಿಟ್ಟಿದ್ದೀರಿ?"