ಮಹೇಕಳ ಮನಿ ನೋಡಾಕ ಬಂದಾಂವ

ಖಾನಾಪುರ ತಾಲೂಕಿನ್ಯಾಗ ನಾ ಕೂಡಿಸಿದ ಜೋಡಿ ನೂರಾ ಒಂದು. ಅದರಾಗ ಅರ್ಧಾ ಸುಳ್ಳ ಹಿಡೀರಿ. ಉಳದರ್ಧದಾಗೂ ನಾ ಬರೇ ಊಟಕ್ಕ ಹೋಗಿದ್ದೆ. ಆದ್ರ ಸಮೃದ್ಧಿ ಟೀಚರ್ ಸುದ್ದಿಯೊಳಗ ನನ್ನ ಕೈ ಇಲ್ಲ. ಅದಕ್ಕ ಅದನ್ನ ಖರೇ ಹೇಳಾಕ ಬರ್ತೈತಿ.

ಸಮೃದ್ಧಿ ಖಾನಾಪುರದ ಸರಕಾರಿ ಸಾಲ್ಯಾಗ ಗಣಿತ ಕಲಸಾಕಿ. ಆಕಿ ಹೊಳ್ಳಿ ನೋಡಿದ್ರ ಬಿಸಿಯೂಟದ ಸಾರು ಇನ್ನೊಂದ ಕುದಿ ಬರ್ತಿತ್ತು. ನೋಡಾಕ ಬಂದ ಹದಿನೇಳ ವರಗೋಳನ್ನ ಚಾದ ಕಪ್ಪ ಆರೂದರಾಗ ವಾಪಸ್ ಕಳಿಸಿದಾಕಿ. ಆಕಿ ಮನಸಿಗಿ ಹತ್ತಿದ್ದು ಒಂದೇ ಜೀವ, ಆರನೇ ಕ್ಲಾಸಿನ ಮಹೇಕ.

ಮಹೇಕಳ ಅಪ್ಪ ಮೀರಾಸಾಬ ಬೆಳಗಾವಿ ಆಟೋ ನಗರದಾಗ ಲಾರಿ ತಳಗ ಮಲಗಿ ನಟ್ಟ ಬಿಗಿಯಾಂವ. ಅವ್ವ ಬಿಲ್ಕೀಸ ಮಂದಿ ಅರಬಿ ಹೊಲಿಯಾಕಿ. ಹುಡುಗಿ ತಲಿ ಮಾತ್ರ ಎಲ್ಲಿಂದ ಬಂತೋ ದೇವರಿಗೇ ಗೊತ್ತು. ಟೀಚರ್ ಲೆಕ್ಕ ಅರ್ಧಾ ಬರಿಯೂದರಾಗ ಈಕಿ ಉತ್ತರ ಹೇಳಿ, ಕಿಡಕ್ಯಾಗಿನ ಗುಬ್ಬಿ ನೋಡ್ಕೋತ ಕುಂದರ್ತಿದ್ಲು.

ಬೆಳಗಾವಿ ಕ್ಯಾಂಪಿನ ಹಳೇ ಬಂಗಲೇದಾಗ ಒಂದ ಟ್ರಸ್ಟ್ ಐತಿ. ಬಡವರ ಮನಿ ಶಾಣೇ ಹುಡುಗೂರನ್ನ ಹುಡಿಕಿ ಹಾಸ್ಟೆಲ್‌ನ್ಯಾಗ ಇಟ್ಟು ಓದಸ್ತೈತಿ. ಹುಡುಕವರಿಗೂ ಶಾಣೇತನ ಇರಬೇಕಂತ ಅವರ ಯಾವ ಕಾಗದದಾಗೂ ಬರದಿಲ್ಲ.

ಅವರ ಪರೀಕ್ಷ್ಯಾಗ ಮಹೇಕ ತಾಲೂಕಿಗೇ ಮೊದಲ ಬಂದ್ಲು. ಅಷ್ಟಕ್ಕ ಸುಮ್ಮನಿರಲಿಲ್ಲ. ಮೂವತ್ತೇಳನೇ ಪ್ರಶ್ನಿ ತಳಗ, "ಈ ಪ್ರಶ್ನಿ ತಪ್ಪೈತ್ರಿ ಸರ್, ಎರಡ ಉತ್ತರ ಬರ್ತಾವ" ಅಂತ ಬರದಿದ್ಲು. ಆ ಪ್ರಶ್ನಿ ತಗದಾಂವ ಟ್ರಸ್ಟಿನ ನೌಕರ ವಿನಯ. ಬಡತನ ಖರೇನೋ ಸುಳ್ಳೋ ಅಂತ ಮನಿ ತಪಾಸಣಿಗಿ ಬಂದಾಂವನೂ ಅಂವನ. ಇಸ್ತ್ರಿ ಮುರೀಲಾರದ ಅಂಗಿ, ಕೈಯಾಗ ಫಾರ್ಮು, ಮುಖದ ಮ್ಯಾಲ ಜಗತ್ತಿಗೇ ಮಾರ್ಕ್ಸ್ ಹಾಕಾಕ ಬಂದ ಗತ್ತು.

ಬಿಲ್ಕೀಸಗ ಸಾಹೇಬರು ಬರ್ತಾರಂತ ಸುದ್ದಿ ಹತ್ತಿತ್ತು. ಮನಿಗಿ ಬಂದವರನ್ನ ಬರೇ ಚಾಪಿ ಮ್ಯಾಲ ಕುಂದರಸೂದು ಆಕಿಗಿ ಸಾವಿಗಿಂತ ಕಡಿ. ಬಾಜು ಮನಿ ಕಾಶವ್ವನ ಸೋಫಾ ಬಂತು, ಎದರ ಮನಿ ಫ್ರಿಜ್ ತಳ್ಳು ಗಾಡಿ ಹತ್ತಿ ಬಂತು. ಹುಡುಗ ಲಿಂಗಾಯತರ ಪೈಕಿ ಅಂತ ತಿಳದು ಕಾಶವ್ವನ ಮನಿ ಪಾತೇಲ್ಯಾಗ ತುಪ್ಪದ ಶಿರಾ ಆತು. ವಿನಯ ಎರಡ ಪ್ಲೇಟ್ ಶಿರಾ ತಿಂದ. ಬಾಯಿ ಒರಸ್ಕೊಂಡು ಫಾರ್ಮಿನ್ಯಾಗ 'ಸ್ಥಿತಿವಂತರು' ಅಂತ ಬರದು ಹೋದ.

ಎಂಟ ದಿನಕ್ಕ ಕಾಗದ ಬಂತು. ಮಹೇಕಳ ಹೆಸರ ಕಡದಿದ್ರು. ಆರನೇ ಕ್ಲಾಸಿನ್ಯಾಗ ಒಂದ ಸಲ ಅಷ್ಟ ಆ ಪರೀಕ್ಷಿ, ತಪ್ಪಿದ್ರ ತಪ್ಪಿಧಂಗ. ಸಮೃದ್ಧಿ ಬಿಲ್ಕೀಸನ ಕಡಿಂದ ಎಲ್ಲಾ ಕೇಳಿ ಅವತ್ತ ರಜಾ ಬರದು ಬಸ್ ಹತ್ತಿದ್ಲು. ಆಕಿ ಸಿಟ್ಟಿಗಿ ಹೆದರಿ ಬಸ್ ಅರ್ಧಾ ತಾಸಿನ್ಯಾಗ ಬೆಳಗಾವಿ ಮುಟ್ಟಿತಂತ.

ಟ್ರಸ್ಟಿನ ಆಫೀಸಿನ್ಯಾಗ ವಿನಯ ಎದ್ದು ನಿಂತ. "ಕುಂದರ್ರಿ ಮೇಡಂ."

"ಕುಂದರಾಕ ಬಂದಿಲ್ಲ. ಆ ಫ್ರಿಜ್ ತಗದು ನೋಡಿದ್ರೇನು?"

"ಇನ್ನೊಬ್ಬರ ಮನಿ ಫ್ರಿಜ್ ತಗದು ನೋಡೂದು ಚಲೋ ಅಲ್ಲರೀ."

"ಖರೇನ ಇನ್ನೊಬ್ಬರ ಮನೀದ ಅದು. ವೈರ್ ಸುದ್ದಾ ಹಚ್ಚಿರಲಿಲ್ಲ."

ವಿನಯನ ಮುಖ ಹಸೀ ಗ್ವಾಡಿ ಹಂಗ ಆತು.

"ಎರಡ ಪ್ಲೇಟ್ ಶಿರಾ ತಿಂದ್ರಿ. ಹುಡುಗಿ ಬಾಗಲದಾಗ ನಿಂತು ಪ್ಲೇಟ್ ನೋಡಾಕ ಹತ್ತಿದ್ದು ಕಾಣಲಿಲ್ಲೇನು? ಎಷ್ಟ ಓದೀರಿ ನೀವು?"

ಅಂವಾ ತಲಿ ತಗ್ಗಿಸಿದ. "ನಾನೂ ಇದೇ ಟ್ರಸ್ಟಿನಿಂದ ಓದಿದಾಂವರೀ. ನಮ್ಮ ಮನಿ ನೋಡಾಕ ಬಂದ ದಿನ ನಮ್ಮಪ್ಪ ಟಿವಿ, ಕಪಾಟ ಎಲ್ಲಾ ಬಾಜು ಮನಿಗಿ ಸಾಗಿಸಿದ್ದ. ಎಲ್ಲಾರೂ ಮುಚ್ಚಿಡ್ತಾರಂತ ತಿಳದಿದ್ದೆ. ಇಷ್ಟ ತೋರಸಾವರು ಒಳಗ ಎಷ್ಟ ಇಟ್ಟಿರಬೇಕು ಅಂತ ಲೆಕ್ಕಾ ಹಾಕಿದೆ."

"ಅಂದ್ರ ಶಾಣೇ ನೀವಲ್ಲ, ನಿಮ್ಮಪ್ಪ."

ವಿನಯ ಸಿಟ್ಟಾಗಲಿಲ್ಲ. ತಲಿ ಎತ್ತಿ ನೋಡಿದ. ಹದಿನೇಳ ವರಗೋಳು ಆಕಿ ಸೀರಿ ನೋಡಿದ್ರು, ಬಣ್ಣ ನೋಡಿದ್ರು. ಈಂವಾ ಬೈಸ್ಕೋತ ಆಕಿ ಕಣ್ಣ ನೋಡ್ತಿದ್ದ, ಇನ್ನೊಂದೀಟ ಬೈಲಿ ಅನ್ನವರಂಗ. ಸಮೃದ್ಧಿಗಿ ನಗು ಬಂತು. ನಕ್ಕರ ಸೋತಂಗ ಅಂತ ತುಟಿ ಕಚ್ಚಿ ಹಿಡದ್ಲು.

"ಈಗೇನ ಮಾಡ್ಲಿ, ಹೇಳ್ರಿ."

"ಕಮಿಟಿ ಮುಂದ ಎರಡೂ ಹೇಳ್ರಿ. ನಿಮ್ಮ ತಪ್ಪೂ, ನಿಮ್ಮಪ್ಪನ ಟಿವೀನೂ."

"ನೌಕರಿ ಹೋಗ್ತೈತ್ರಿ."

"ಹೋಗಲಿ. ಮಹೇಕ ದೊಡ್ಡಾಕಿ ಆಗಿ ನಿಮಗೊಂದ ಕೊಡಸ್ತಾಳ."

ಕಮಿಟಿ ಅಂದ್ರ ಏನ್ ಕೇಳ್ತೀರಿ, ಕಾಜು ತಿನ್ಕೋತ ಬಡತನದ ಮಾತ ಆಡೂ ಐದ ಹೊಟ್ಟಿಗೋಳು. ಅವರಿಗೆ ದೊಡ್ಡಾಂವ ಭರಮಣ್ಣ. ಸಮೃದ್ಧಿ ಮಹೇಕಳ ಕೈ ಹಿಡಕೊಂಡು ಬಾಗಲದಾಗ ನಿಂತಿದ್ಲು. ವಿನಯ ಟಿವಿ ಮಾತ ನುಂಗತಾನಂತ ಆಕಿ ಖಾತ್ರಿ ಮಾಡ್ಕೊಂಡಿದ್ಲು.

ನುಂಗಲಿಲ್ಲ. ಎಲ್ಲಾ ಹೇಳಿದ. "ನಾ ಸುಳ್ಳಿಂದ ಒಳಗ ಬಂದೆ ಸರ್. ಈ ಹುಡುಗಿ ಮರ್ಯಾದಿ ಉಳಿಸ್ಕೊಳ್ಳಾಕ ಹೋಗಿ ಹೊರಗ ಉಳದ್ಲು."

"ಹುಡುಗಿ ಅಷ್ಟ ಶಾಣೇ ಇದ್ರ ತೋರಸಲಿ" ಅಂದ ಭರಮಣ್ಣ.

ಮಹೇಕ ಬೋರ್ಡಿಗಿ ಹೋಗಿ ಮೂವತ್ತೇಳನೇ ಪ್ರಶ್ನಿ ಬಿಡಿಸಿದ್ಲು, ಒಂದ ಸಲ ಹಿಂಗ, ಒಂದ ಸಲ ಹಂಗ. ಎರಡೂ ಸರಿ. ಭರಮಣ್ಣಗ ಒಂದಕ್ಷರ ತಿಳೀಲಿಲ್ಲ. ಅದಕ್ಕ ಎಲ್ಲಾರಕಿಂತ ಮೊದಲ ಗೋಣ ಹಾಕಿದ. ಮಹೇಕಗ ಸೀಟ್ ಸಿಕ್ಕಿತು. ವಿನಯನ ಕೈಯಾಗಿನ ತಪಾಸಣಿ ಕೆಲಸ ಕಸಗೊಂಡ್ರು, ಪ್ರಶ್ನಿ ತಗಿಯೂದ ಅಷ್ಟ ಉಳೀತು.

ಹೊರಗ ಬಂದ ಮ್ಯಾಲ ಸಮೃದ್ಧಿ ಅಂದ್ಲು, "ನೀವು ಹೇಳಾಂಗಿಲ್ಲಂತ ತಿಳದಿದ್ದೆ."

"ನೀವು ಬಾಗಲದಾಗ ನಿಂತಿರಲಿಲ್ಲಂದ್ರ ಹೇಳ್ತಿರಲಿಲ್ಲ."

ಸಿಟ್ಟ ಹುಡಕಿದ್ಲು, ಆಕಿ ಕಡೆ ಅವತ್ತ ಒಂದ ಚಿಟಿಕಿನೂ ಇರಲಿಲ್ಲ.

ಮಹೇಕಳನ್ನ ಹಾಸ್ಟೆಲಿಗಿ ಬಿಟ್ಟ ದಿನ ಹುಡುಗಿ ಅಳಲಿಲ್ಲ, ಬಿಲ್ಕೀಸ ಎರಡ ಕೊಡ ಅತ್ಲು. ಮೀರಾಸಾಬ ಕಣ್ಣ ಒರಸ್ಕೋತ ಗ್ಯಾರೇಜಿಗಿ ಹೋದ. ಸಂಜಿ ಬಸ್ಸಿನ್ಯಾಗ ಬಿಲ್ಕೀಸ ಮುಂದಿನ ಸೀಟಿಗಿ ಕುಂತ್ಲು, ಸಮೃದ್ಧಿ ಹಿಂದ ಕಿಡಕಿ ಬಾಜು. ಬಸ್ ಹತ್ತಸಾಕ ಬಂದಿದ್ದ ವಿನಯ ಕಿಡಕಿ ತಳಗ ನಿಂತಿದ್ದ.

"ಮಹೇಕಳ ಸುದ್ದಿ ವಾರಕ್ಕೊಮ್ಮಿ ಫೋನ್ ಮಾಡಿ ಹೇಳ್ತೀನ್ರಿ" ಅಂದ.

"ವಾರಕ್ಕೊಮ್ಮಿ ಯಾಕ?" ಅಂದ್ಲು ಸಮೃದ್ಧಿ, ಉಗರ ನೋಡ್ಕೋತ. "ಆಕಿ ದಿನಾ ಏನರ ಮಾಡ್ತಾಳ."

ಬಸ್ ಅಲುಗಿತು. ವಿನಯ ಓಡಿ ಹತ್ತಿದ. ಕಂಡಕ್ಟರ್ ಕೇಳಿದ್ರ, "ಖಾನಾಪುರ ಒಂದು" ಅಂದ. ಸಮೃದ್ಧಿ ಬಾಜು ಸೀಟಿನ ಮ್ಯಾಲಿನ ಬ್ಯಾಗ ಎತ್ತಿ ತೊಡಿ ಮ್ಯಾಲ ಇಟ್ಕೊಂಡ್ಲು. ಬಿಲ್ಕೀಸ ದಾರೀ ಪೂರ್ತಿ ಒಮ್ಮಿನೂ ಹೊಳ್ಳಿ ನೋಡಲಿಲ್ಲ.

ಅಂವನ ಮನಿ ಬೆಳಗಾವ್ಯಾಗ. ಖಾನಾಪುರದಾಗ ಅಂವಗ ಅಣ್ಣಾ ಇಲ್ಲ, ತಮ್ಮಾ ಇಲ್ಲ, ಮಾವನೂ ಇರಲಿಲ್ಲ ಆಗ; ಈಗ ಅದಾನ. ಹಂಗಾರ ಆ ಸಂಜಿ ಅಂವಾ ಯಾರ ಮನಿಗಿ ಹೋದ, ಏನ ಕೇಳಿದ, ನೀವ ಹೇಳ್ರಿ ನೋಡೂಣು.