ಗೌರೀಶನ ಕೆನ್ನೆಯ ಕಪ್ಪು ಚುಕ್ಕೆ

“ನನ್ ಕೆನ್ನೆಗೆ ಮಚ್ಚೆ ಇಟ್ಟೋರು ನೀವೇ ಅಲ್ವೇನ್ರೀ?”

ಮಧುಗಿರಿಯಲ್ಲಿ ಫೋಟೋಗ್ರಾಫರ್ ಲೋಹಿತಾಳ ಮನೆ ಬಾಗಿಲಲ್ಲಿ ಗೌರೀಶ್ ಮೊಬೈಲ್ ಹಿಡಿದು ನಿಂತಿದ್ದ. ಅದರಲ್ಲಿ ಅವನದೇ ಫೋಟೋ. ಹತ್ತು ದಿನದ ಹಿಂದೆ ಅವಳೇ ತೆಗೆದು, ಅವನಿಗೆ ನೋಡಿದ್ದ ಶಿರಾದ ಹೆಣ್ಣಿನ ಮನೆಗೆ ನೇರ ಕಳಿಸಿದ್ದಳು. ಬಲಗೆನ್ನೆಯ ಮೇಲೆ ಕಪ್ಪು ಚುಕ್ಕೆ.

ಎದುರಿಗಿದ್ದ ಕೆನ್ನೆಯಲ್ಲಿ ಸಾಸಿವೆಯಷ್ಟೂ ಚುಕ್ಕೆ ಇಲ್ಲ.

“ಮಚ್ಚೆ ಹುಡ್ಗ ಬ್ಯಾಡ ಅಂದ್ರಂತೆ. ನಮ್ಮವ್ವ ಹೊಸ ಫೋಟೋ ತಗ್ಸಿ ತಿರ್ಗಾ ಕಳ್ಸು ಅಂತೌಳೆ. ಬೇಕಂತ್ಲೇ ಇಟ್ರಾ?”

ಲೋಹಿತಾ ಅವನನ್ನು ಒಳಗೆ ಕರೆದು ಕ್ಯಾಮೆರಾ ಎತ್ತಿಕೊಂಡಳು.

“ಅದು ಕ್ಯಾಮೆರಾ ಒಳಗಿನ ಧೂಳು ಕಣ್ರೀ. ಫೋಟೋ ಹಿಡಿಯೋ ಸೆನ್ಸರ್ ಮೇಲೆ ಕೂತೈತೆ.”

ಬಿಳಿ ಗೋಡೆಯ ಫೋಟೋ ತೆಗೆದು ತೋರಿಸಿದಳು. ಅದೇ ಜಾಗದಲ್ಲಿ ಅದೇ ಚುಕ್ಕೆ.

“ನೋಡಿ, ಗೋಡೆಗೂ ಮಚ್ಚೆ. ಇದಕ್ಕೂ ಹೆಣ್ಣು ಸಿಗಲ್ಲ.”

ಅವನು ನಗಲಿಲ್ಲ.

ಫ್ಯಾನ್ ಆರಿಸಿ, ಲೆನ್ಸ್ ಬಿಚ್ಚಿ, ಕ್ಯಾಮೆರಾವನ್ನು ಕೆಳಮುಖ ಮಾಡಿದಳು. ಗೌರೀಶ್ ಬಗ್ಗಿ ಊದಲು ತುಟಿ ಮುಂದೆ ಮಾಡಿದ.

“ಬಾಯಲ್ಲಿ ಊದ್ಬುಟ್ಟೀರಾ, ಹುಷಾರು. ಎಂಜಲು ಬಿದ್ರೆ ಕ್ಯಾಮೆರಾ ಕಥೆ ಮುಗೀತು.”

“ತಿರುಮಣಿ ಸೋಲಾರ್ ಪಾರ್ಕಲ್ಲಿ ದಿನಾ ಪ್ಯಾನಲ್ ತೊಳ್ಸೋನು ನಾನು. ನಮ್ ಹೆಸ್ರು ಕೇಳಿದ್ರೆ ಧೂಳೇ ನಡುಗ್ತೈತೆ.”

“ಈ ಸೆನ್ಸರ್ ಸ್ಟ್ಯಾಂಪಷ್ಟೇ ಐತೆ. ಡೈಲಾಗ್ ಬುಟ್ಟು ಟಾರ್ಚ್ ಹಿಡೀರಿ.”

ರಬ್ಬರ್ ಬ್ಲೋಯರ್ ಹಿಸುಕಿದಳು. ಫುಸ್… ಫುಸ್… ಅವನ ಉಸಿರು ಇಷ್ಟು ಹತ್ತಿರ.

‘ಸುಮ್ಕಿರು ಮನಸೇ… ಇವನು ಜಗಳಕ್ಕೆ ಬಂದಿರೋನು.’

ಮತ್ತೆ ಗೋಡೆ. ಚುಕ್ಕೆ ಅಲ್ಲೇ ಇತ್ತು. ಮತ್ತೆ ಫುಸ್. ಮೂರನೇ ಸಲ ಗೋಡೆ ಸ್ವಚ್ಛ.

“ನೋಡಿದ್ರಾ? ನಾನು ಇಟ್ಟಿದ್ದಲ್ಲ.”

ಗೆದ್ದಳು. ಆದರೆ ಗೌರೀಶನ ಮುಖ ಬಾಡಿತು.

“ಇಟ್ಟಿದ್ರೆ ಚೆನ್ನಾಗಿತ್ತು.”

“ಅಂದ್ರೆ?”

“ಅವತ್ತು ಫೋಟೋ ತಗಿಯೋವಾಗ ನೀವು ನೋಡಿದ್ ನೋಟ… ಸಂಬಂಧ ತಪ್ಸಾಕೇ ಮಾಡೌರೆ ಅನ್ಕಂಡು ಖುಷಿಯಾಗಿ ಬಂದ್ಬುಟ್ಟೆ. ಬರ್ತೀನಿ.”

ಚಪ್ಪಲಿ ಮೆಟ್ಟಿದ.

ಲೋಹಿತಾ ಕ್ಯಾಮೆರಾ ಕೆಳಗಿಟ್ಟಳು. ಹೇಳಿದರೆ ಮರ್ಯಾದೆ ಹೋಗುತ್ತದೆ. ಹೇಳದಿದ್ದರೆ ಇವನೇ ಹೋಗುತ್ತಾನೆ…

“ನಿಂತ್ಕಳ್ರೀ. ಧೂಳು ತಾನಾಗೇ ಕೂತಿದ್ದು, ನಿಜ. ಆದ್ರೆ ಕಳ್ಸೋ ಮುಂಚೆನೇ ನಂಗೆ ಕಂಡಿತ್ತು. ಕಂಪ್ಯೂಟರಲ್ಲಿ ಒಂದು ಕ್ಲಿಕ್ ಮಾಡಿದ್ರೆ ಅಳಿಸಿ ಹೋಗ್ತಿತ್ತು.”

“ಯಾಕೆ ಅಳಿಸ್ಲಿಲ್ಲ?”

“ಮನ್ಸು ಬರ್ಲಿಲ್ಲ.”

ಗೌರೀಶ್ ಅಲ್ಲೇ ಹೊಸ್ತಿಲ ಮೇಲೆ ಚಪ್ಪಲಿ ಕಳಚಿ ಕುಳಿತ.

“ನಮ್ಮವ್ವ ಹೊಸ ಫೋಟೋ ಕೇಳ್ತಾಳಲ್ಲ… ಏನ್ ಹೇಳ್ಲಿ?”

“ಕ್ಯಾಮೆರಾ ರಿಪೇರಿಗೆ ಹೋಗೈತೆ ಅನ್ನಿ.”

“ಎಷ್ಟು ದಿನ?”

“ನಮ್ಮಪ್ಪ ನಿಮ್ಮನೆ ಬಾಗ್ಲಿಗೆ ಬರೋ ಗಂಟ.”