ಅಸ್ಸುಂತಾಳ ಕುಂಬಳಕಾಯಿ

ಕುಂಬಳಕಾಯಿ ಮಾಯ! ಬಳ್ಳಿ ಇದೆ, ಎಲೆ ಇದೆ, ಕಾಯಿಯಿಲ್ಲ.

ಮನೆಯೊಡತಿ ಅಸ್ಸುಂತಾ ಎದೆ ಬಡಿದುಕೊಂಡಳು. ಭಾನುವಾರದ ಕುಂಬಳಕಾಯಿ ಸ್ಪರ್ಧೆಗೆಂದು ಕೂಸಿನಂತೆ ಸಾಕಿದ ಕಾಯಿ. ಇಟಲಿಯ ಉರ್ಬಿನೊ ಎಂಬ ಗುಡ್ಡದೂರಿನ ಕೆಳಗೆ ಅವಳ ತೋಟದ ಮನೆ. ಗುಡ್ಡದ ಮೇಲೆ ಹಳೇಕಾಲದ ವಿಶ್ವವಿದ್ಯಾಲಯ. ಅಲ್ಲಿ ಓದುವ ಶಿರಾ ಕಡೆಯ ಮಂಗಳಗೌರಿ ಇವಳ ಮನೆಯಲ್ಲಿ ಬಾಡಿಗೆಗಿದ್ದಳು. ಮಗಳನ್ನು ನೋಡಲು ಅಪ್ಪ ಅಮ್ಮ ಬಂದಿದ್ದರು.

"ನಮ್ಮ ಮೇಲೇ ಅನುಮಾನ ಅಪ್ಪಾ. ಸಂಜೆಯೊಳಗೆ ಕಳ್ಳ ಸಿಗದಿದ್ರೆ ರೂಮು ಖಾಲಿ ಮಾಡ್ಬೇಕಂತೆ. ಪರೀಕ್ಷೆ ಹೊತ್ತಲ್ಲಿ ಎಲ್ಲಿಗೋಗ್ಲಿ?"

ಅಪ್ಪ ಹನುಮಂತರಾಜು ಮೀಸೆ ತಿರುವಿದ. ನಿವೃತ್ತ ಹೆಡ್ ಕಾನ್‌ಸ್ಟೇಬಲ್ ಅಲ್ಲವೇ!

"ಅಳಬ್ಯಾಡ ಕಣಮ್ಮ. ನಾನಿಲ್ವಾ?"

*

"ಕಾಡುಹಂದಿ ಇರಬೌದಾ?" ಎಂದಳು ಮಗಳು.

ಹನುಮಂತರಾಜು ತೊಟ್ಟು ಮುಟ್ಟಿ ನೋಡಿದ. "ಹಂದಿ ಚಾಕು ಇಡ್ಕಂಡು ಬತ್ತದಾ? ಇದು ಕುಯ್ದಿರೋದು."

ಮುಂದಿನ ಗುಮಾನಿ ಪಕ್ಕದ ತೋಟದ ಪಿಯೆತ್ರೊ ಮೇಲೆ. ಅವನು ಉಗ್ರಾಣವನ್ನೆಲ್ಲ ತೆರೆದು ತೋರಿಸಿದ. ವೈನ್ ಕೊಟ್ಟ, ಚೀಸ್ ಕೊಟ್ಟ. ಕುಂಬಳಕಾಯಿ ಮಾತ್ರ ಇರಲಿಲ್ಲ. ತನಿಖೆ ಮುಂದೆ ಸಾಗಲಿಲ್ಲ, ಹೊಟ್ಟೆ ಮಾತ್ರ ತುಂಬಿತು.

ಊರಿನ ಏರುದಾರಿಯಲ್ಲಿ, ಮೂರು ದಾರಿ ಕೂಡುವಲ್ಲಿ, ಕಾಯಿ ಸಿಕ್ಕಿತು. ಹೋಳುಹೋಳು. ಮೇಲೆಲ್ಲ ಕೆಂಪು.

ರಕ್ತವೆಂದು ಅಸ್ಸುಂತಾ ಚೀರಿದಳು. ಹನುಮಂತರಾಜು ಬೆರಳು ಅದ್ದಿ ಮೂಸಿದ. ಯಾರಿಗೂ ಕಾಣದಂತೆ ಬೆರಳು ಒರೆಸಿಕೊಂಡ.

*

ಅಡುಗೆಮನೆಯಲ್ಲಿ ಎಲ್ಲರನ್ನೂ ಸೇರಿಸಿದ.

"ಕದ್ದೋನು ತಿನ್ಬೇಕು, ಇಲ್ಲ ಮಾರ್ಬೇಕು. ಎರಡೂ ಮಾಡ್ದೆ, ಮೂರು ದಾರೀಲಿ ಒಡ್ದು ಕುಂಕುಮ ಬಳ್ದೋರು ಯಾರು? ಈ ಊರಲ್ಲೆಲ್ಲ ಕುಂಕುಮದ ಡಬ್ಬಿ ಇರೋದು ಒಬ್ಳ ತಾವ. ಲೇ ರಂಗೀ!"

ಅವನ ಹೆಂಡತಿ ರಂಗಕ್ಕ ಮುದ್ದೆ ತಿರುವುತ್ತಲೇ ಇದ್ದಳು.

"ಹೂಂ, ನಾನೇಯ. ಮೊನ್ನೆ ಅರಮನೆ ಬೀದೀಲಿ ಎಲ್ರೂ ನಮ್ಮ ಮಂಗಳಗೌರೀನ ಹೆಂಗೆ ನೋಡಿದ್ರು! ಬಂದೇಟ್ಗೆ ಜ್ವರ ಬಂತು. ಇವತ್ತು ಮುಂಜಾನೆ ಅವ್ಳು ಮಲಗಿದ್ದಂಗೇ ದೃಷ್ಟಿ ತೆಗ್ದೆ. ಈಗ ಗುಂಡ್ಕಲ್ಲಿನಂಗವ್ಳೆ."

"ಅದ್ಕೆ ಕದಿಯೋದಾ?"

"ಬೇಲಿ ಮ್ಯಾಗಿನ ಕಾಯಿ! ದೃಷ್ಟಿಗೆ ಅಂದ್ರೆ ನಮ್ಮ ಮದಲೂರಲ್ಲಿ ಯಾರು ಬ್ಯಾಡ ಅಂತಾರೆ? ಕಿತ್ಕಂಡು ಆಮೇಲೆ ಹೇಳಿದ್ರಾಯ್ತು. ಹೇಳಾಕೆ ಈವಮ್ಮನ ಮಾತು ನಂಗೆ ಬರ್ಬೇಕಲ್ಲ! ನೀನು ಊರೆಲ್ಲಾ ಸುತ್ತಿದ್ಯಲ್ಲ, ನನ್ನ ಒಂದ್ ಮಾತು ಕೇಳಿದ್ಯಾ?"

ಮಂಗಳಗೌರಿ ಎಲ್ಲವನ್ನೂ ಇಟಾಲಿಯನ್ನಿಗೆ ತಿರುಗಿಸಿದಳು. ಇನ್ನು ರೂಮು ಹೋದಂತೆಯೇ ಎಂದುಕೊಂಡಳು.

"ಮಲೋಕ್ಯೊ!" ಅಸ್ಸುಂತಾ ಕಣ್ಣರಳಿಸಿದಳು. ಕೆಟ್ಟ ಕಣ್ಣಿಗೆ ಅವರಲ್ಲೂ ಹೆಸರಿತ್ತು. ಕುರ್ಚಿ ಎಳೆದು ರಂಗಕ್ಕನ ಮುಂದೆ ಕೂತೇಬಿಟ್ಟಳು.

"ಅಮ್ಮಾ, ಇವ್ರಿಗೂ ತೆಗೀಬೇಕಂತೆ! ಮಂಡಿನೋವು ಹೋಗ್ತಾನೇ ಇಲ್ವಂತೆ. ರೂಮು ನಂದೇ ಅಂತೆ!"

ರಂಗಕ್ಕ ಹಿಡಿ ತುಂಬ ಉಪ್ಪು ತೆಗೆದುಕೊಂಡು ಗಂಡನ ಕಡೆ ತಿರುಗಿದಳು.

"ನೀನು ವಸಿ ಆಚೆ ಹೋಗು. ಬೆಳಗ್ಗಿಂದ ಎಲ್ಲಾರ್ನೂ ಕಳ್ಳರಂಗೆ ನೋಡ್ತಿದೀಯ. ಮೊದ್ಲು ನಿನ್ನ ಕಣ್ಣೇ ಸರಿಯಿಲ್ಲ."